ಚೀನೀಯರ ಹಬ್ಬಗಳಲ್ಲಿ ಬಣ್ಣಗಳ ಸಂಕೇತ



ಚೀನಾ ದೇಶದ ಹೆಸರು ನಮ್ಮ ಜನಕ್ಕೆ ಹೊಸತಲ್ಲ. ಚೀನಾಂಶುಕವೆಂಬ ಮಾತನ್ನು ಕಾಳಿದಾಸನೇ ಬಳಸಿದ್ದಾನೆ. ಆ ದೇಶದ ರೇಷ್ಮೆಯ ನವುರನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಆದರೆ ಆ ರೇಷ್ಮೆಗೆ ಹಾಕಿದ ಬಣ್ಣವು ಅದನ್ನು ನೆಯ್ದ ಜನರಿಗೆ ಏನನ್ನು ಹೇಳುತ್ತಿತ್ತೆಂದು ವಿಚಾರಿಸಿದವರು ವಿರಳ. ಆ ವಿಚಾರವನ್ನು, ಅದರಲ್ಲಿಯೂ ಹಬ್ಬಹರಿದಿನಗಳಲ್ಲಿ ಬಣ್ಣಗಳಿಗೆ ಅಲ್ಲಿ ಸಲ್ಲುವ ಸ್ಥಾನವನ್ನು ಕುರಿತು, ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಈ ವಿಷಯದಲ್ಲಿ ಸಾಮಾನ್ಯವಾಗಿ ಹೇಳುವ ಮಾತು ಬಹಳ ಚಿಕ್ಕದು. ಕೆಂಪು ಶುಭ, ಬಿಳುಪು ಅಶುಭ, ಹಳದಿ ರಾಜವರ್ಣ. ಇಷ್ಟನ್ನು ಹೇಳಿ ಮುಗಿಸಿಬಿಡುವುದುಂಟು. ಇದು ಸುಳ್ಳಲ್ಲ. ಆದರೆ ಒಂದು ಭಾಷೆಯ ಮೂರು ಶಬ್ದಗಳನ್ನು ಕಲಿತು ಆ ಭಾಷೆ ಬಂದಿತೆಂದು ತಿಳಿದುಕೊಂಡರೆ ಹೇಗೋ ಇದೂ ಹಾಗೆಯೇ. ಶಬ್ದಕ್ಕೆ ಅರ್ಥವು ವಾಕ್ಯದಲ್ಲಿ ದೊರೆಯುತ್ತದೆ. ಚೀನೀಯರಲ್ಲಿ ಬಣ್ಣದ ಅರ್ಥವೂ ಅದು ಯಾವ ಬಾಗಿಲಿನಲ್ಲಿದೆ, ಯಾವ ದಿನ ಅಲ್ಲಿದೆ, ಯಾರನ್ನು ಉದ್ದೇಶಿಸಿದೆ ಎಂಬುದರಿಂದ ನಿರ್ಣಯವಾಗುತ್ತದೆ. ಮನೆಯೊಂದು ತನ್ನ ನೆರೆಹೊರೆಯೊಡನೆ ಬಾಯಿಬಿಡದೆ ಆಡುವ ಮಾತೇ ಅಲ್ಲಿಯ ಹಬ್ಬದ ಬಣ್ಣ. ಇದೇ ನಮ್ಮ ಪ್ರತಿಪಾದ್ಯ.

ಮೊದಲು ಶಾಸ್ತ್ರದ ಮಾತು. ಪ್ರಾಚೀನ ಚೀನೀಯರು ಮೂಲವರ್ಣಗಳು ಐದೆಂದು ಎಣಿಸಿದರು: ಛಿಂಗ್, ಕೆಂಪು, ಹಳದಿ, ಬಿಳುಪು, ಕಪ್ಪು. ಇವುಗಳಲ್ಲಿ ಮೊದಲನೆಯದನ್ನು ಕನ್ನಡಿಸುವುದು ಕಷ್ಟ. ಎಳೆಯ ಹುಲ್ಲಿನ ಹಸುರೂ ಛಿಂಗ್, ಆಕಾಶದ ನೀಲಿಯೂ ಛಿಂಗ್, ಕೆಲವು ಸಲ ಕೂದಲಿನ ಕಪ್ಪೂ ಛಿಂಗ್. ನೀಲವೆಂಬ ಸಂಸ್ಕೃತ ಶಬ್ದವು ಒಮ್ಮೆ ನೀಲಿಗೂ ಒಮ್ಮೆ ಕಪ್ಪಿಗೂ ಸಲ್ಲುವುದನ್ನು ಬಲ್ಲ ನಮಗೆ ಇದು ವಿಚಿತ್ರವಾಗಿ ತೋರಬೇಕಾಗಿಲ್ಲ. ಈ ಐದು ಬಣ್ಣಗಳಿಗೆ ಐದು ತತ್ತ್ವಗಳನ್ನೂ ಐದು ದಿಕ್ಕುಗಳನ್ನೂ ಹೊಂದಿಸಿದರು. ಛಿಂಗ್ ಎಂಬುದು ಮರ, ಪೂರ್ವದಿಕ್ಕು, ವಸಂತ. ಕೆಂಪು ಬೆಂಕಿ, ದಕ್ಷಿಣ, ಗ್ರೀಷ್ಮ. ಬಿಳುಪು ಲೋಹ, ಪಶ್ಚಿಮ, ಶರತ್ಕಾಲ. ಕಪ್ಪು ನೀರು, ಉತ್ತರ, ಚಳಿಗಾಲ. ಹಳದಿಯು ಮಣ್ಣು, ಎಲ್ಲದರ ನಡುವಣ ಸ್ಥಾನ. ಬೀಜಿಂಗ್ ನಗರದಲ್ಲಿ ಭೂದೇವತೆಗೂ ಧಾನ್ಯದೇವತೆಗೂ 1421ರಲ್ಲಿ ಕಟ್ಟಿಸಿದ ಒಂದು ವೇದಿಕೆಯಿದೆ. ಅದರ ಮೇಲೆ ಐದು ಬಣ್ಣದ ಮಣ್ಣನ್ನು ಆಯಾ ದಿಕ್ಕಿಗೆ ಸರಿಯಾಗಿ ಹರಡಿರುವುದನ್ನು ಈಗಲೂ ಕಾಣಬಹುದು. ಚಕ್ರವರ್ತಿಯು ಅಲ್ಲಿ ಪೂಜೆ ಸಲ್ಲಿಸುವಾಗ ತನ್ನ ಸಮಸ್ತ ರಾಜ್ಯವೂ ಐದು ಬಣ್ಣಗಳ ರೂಪದಲ್ಲಿ ಎದುರಿಗಿದ್ದಂತೆ ಆಗುತ್ತಿತ್ತು.

ಈ ವ್ಯವಸ್ಥೆಯಲ್ಲಿ ಯಾವ ಬಣ್ಣವೂ ಹುಟ್ಟಿನಿಂದ ಅಶುಭವಲ್ಲವೆಂಬುದನ್ನು ಗಮನಿಸಬೇಕು. ಕ್ರಿ. ಪೂ. 221ರಲ್ಲಿ ಚೀನಾ ದೇಶವನ್ನು ಒಂದುಗೂಡಿಸಿದ ಛಿನ್ ಚಕ್ರವರ್ತಿಯು ತನ್ನ ವಂಶಕ್ಕೆ ನೀರಿನ ತತ್ತ್ವವನ್ನು ಆರಿಸಿಕೊಂಡು ಕಪ್ಪನ್ನೇ ರಾಜವರ್ಣವನ್ನಾಗಿ ಮಾಡಿಕೊಂಡನು. ಬಹುಕಾಲದ ಮೇಲೆ ಬೀಜಿಂಗಿನ ಅರಮನೆಯಲ್ಲಿ, ಹಳದಿಯ ಹೆಂಚುಗಳ ಸಾಗರದ ನಡುವೆ, 1776ರಲ್ಲಿ ಪೂರ್ಣಗೊಂಡ ಪುಸ್ತಕಭಂಡಾರಕ್ಕೆ ಮಾತ್ರ ಕಪ್ಪು ಹೆಂಚನ್ನು ಹೊದಿಸಿದರು. ಕಪ್ಪು ನೀರಿನ ಬಣ್ಣ; ನೀರು ಬೆಂಕಿಯನ್ನು ಗೆಲ್ಲುತ್ತದೆ; ಪುಸ್ತಕಗಳಿಗೆ ಬೆಂಕಿಯೇ ಪರಮಶತ್ರು. ಆ ಮಾಡಿನ ಮೇಲೆ ಕಪ್ಪು ಕಾವಲುಗಾರನಾಗಿ ನಿಂತಿದೆ.

ಇನ್ನು ಅರಮನೆಯನ್ನು ಬಿಟ್ಟು ಸಾಮಾನ್ಯರ ಮನೆಯ ಬಾಗಿಲಿಗೆ ಬರೋಣ. ಚೀನೀಯರ ಹಬ್ಬಗಳಲ್ಲೆಲ್ಲ ಹಿರಿದಾದುದು ವಸಂತೋತ್ಸವವೆಂಬ ಹೊಸವರ್ಷದ ಹಬ್ಬ. ಅದು ಚಾಂದ್ರಮಾನಕ್ಕೆ ಸೇರಿದುದು; ಜನವರಿ 21ರಿಂದ ಫೆಬ್ರವರಿ 20ರ ಒಳಗೆ ಒದಗುತ್ತದೆ. ನಮ್ಮ ಪಂಚಾಂಗದ ಲೆಕ್ಕದಲ್ಲಿ ಹೇಳುವುದಾದರೆ ಸಾಮಾನ್ಯವಾಗಿ ಮಾಘಮಾಸದ ಪ್ರಾರಂಭದ ಸುಮಾರಿಗೆ ಬರುತ್ತದೆ. ಹಬ್ಬಕ್ಕೆ ಮುಂಚೆ ಮನೆಯನ್ನು ಗುಡಿಸಿ ತೊಳೆದು, ಹಿಂದಿನ ವರ್ಷದ ಕೊನೆಯ ದಿನ ಬಾಗಿಲಿನ ಎರಡು ಪಕ್ಕಗಳಲ್ಲಿಯೂ ಕೆಂಪು ಕಾಗದದ ಎರಡು ಉದ್ದನೆಯ ಪಟ್ಟಿಗಳನ್ನು ಅಂಟಿಸುತ್ತಾರೆ. ಅವುಗಳ ಮೇಲೆ ಕಪ್ಪು ಮಸಿಯಿಂದಲೋ ಚಿನ್ನದ ಬಣ್ಣದಿಂದಲೋ ಒಂದು ದ್ವಿಪದಿಯನ್ನು ಬರೆದಿರುತ್ತಾರೆ. ಎರಡು ಪಂಕ್ತಿಗಳಲ್ಲಿಯೂ ಅಕ್ಷರಗಳ ಸಂಖ್ಯೆ ಸಮನಾಗಿರಬೇಕು. ಒಂದರ ಅರ್ಥಕ್ಕೆ ಮತ್ತೊಂದು ಜೋಡಿಯಾಗಿ ನಿಲ್ಲಬೇಕು. ಪೂರ್ವಕಾಲದಲ್ಲಿ ದುಷ್ಟಶಕ್ತಿಗಳನ್ನು ತಡೆಯುವುದಕ್ಕಾಗಿ ಬಾಗಿಲಿಗೆ ಪೀಚ್ ಮರದ ಹಲಗೆಗಳನ್ನು ತೂಗುಹಾಕುತ್ತಿದ್ದರು. ಆ ಹಲಗೆಗಳೇ ಕಾಲಕ್ರಮದಲ್ಲಿ ಕಾಗದದ ಪಟ್ಟಿಗಳಾದುವೆಂದು ತಿಳಿದವರು ಹೇಳುತ್ತಾರೆ. ಜನರು ಹೇಳುವ ಕಥೆ ಬೇರೆ. ನಿಯನ್ ಎಂಬ ಮೃಗವೊಂದು ವರ್ಷಕ್ಕೊಮ್ಮೆ ಊರಿಗೆ ನುಗ್ಗಿ ಪ್ರಾಣಹಾನಿ ಮಾಡುತ್ತಿತ್ತಂತೆ. ಅದು ಕೆಂಪಿಗೂ ಬೆಂಕಿಗೂ ಸದ್ದಿಗೂ ಅಂಜುವುದನ್ನು ಜನ ಕಂಡುಕೊಂಡರಂತೆ. ಅಂದಿನಿಂದ ಕೆಂಪು ಕಾಗದ, ದೀಪ, ಪಟಾಕಿಗಳು ಬಂದುವಂತೆ. ಆ ಭಾಷೆಯಲ್ಲಿ ನಿಯನ್ ಎಂದರೆ ವರ್ಷ.

ಎರಡು ವಿವರಣೆಗಳೂ ಒಂದೇ ಮಾತನ್ನು ಹೇಳುತ್ತವೆ. ಕೆಂಪು ಮೊದಲು ರಕ್ಷೆ, ಆಮೇಲೆ ಸಂತೋಷ. ಮಕ್ಕಳಿಗೆ ಹಿರಿಯರು ಕೊಡುವ ಹಣವನ್ನು ಕೆಂಪು ಲಕೋಟೆಯಲ್ಲಿಟ್ಟೇ ಕೊಡುವುದು ಇದರಿಂದಲೇ. ಲಕೋಟೆಯ ಬಣ್ಣವು ಆಶೀರ್ವಾದ, ಒಳಗಿನ ನಾಣ್ಯವು ಅದಕ್ಕೆ ನೆಪ. ಚೀನೀಯರು ವರ್ಷಗಳನ್ನು ಹನ್ನೆರಡು ಪ್ರಾಣಿಗಳ ಹೆಸರಿನಿಂದ ಎಣಿಸುವುದುಂಟು. ತಾನು ಹುಟ್ಟಿದ ವರ್ಷದ ಪ್ರಾಣಿಯೇ ಮತ್ತೆ ಬರುವ ಹನ್ನೆರಡನೆಯ, ಇಪ್ಪತ್ತನಾಲ್ಕನೆಯ, ಮೂವತ್ತಾರನೆಯ ವರ್ಷಗಳು ಗಂಡಾಂತರದವೆಂದು ಅವರ ನಂಬಿಕೆ. ಆ ವರ್ಷ ಕೆಂಪು ನಡುಪಟ್ಟಿಯನ್ನೋ ಕೆಂಪು ಒಳವಸ್ತ್ರವನ್ನೋ ಧರಿಸುತ್ತಾರೆ. ಹೊರಗಿನವರಿಗೆ ಕಾಣದ ಈ ಕೆಂಪು ಅಲಂಕಾರಕ್ಕಾಗಿ ಇರಲಾರದಷ್ಟೆ.

ಬಾಗಿಲಿನ ಪಟ್ಟಿಗಳನ್ನು ಸಾಮಾನ್ಯವಾಗಿ ವರ್ಷವೆಲ್ಲ ತೆಗೆಯುವುದಿಲ್ಲ. ಬಿಸಿಲಿಗೆ ಕಂದಿ, ಮಳೆಗೆ ನೆನೆದು, ಅಂಚು ಹರಿದರೂ ಅವು ಮುಂದಿನ ಹಬ್ಬದವರೆಗೆ ಅಲ್ಲಿಯೇ ಇರುತ್ತವೆ. ಈಗ ಒಂದು ಬೀದಿಯನ್ನು ಭಾವಿಸಿಕೊಳ್ಳೋಣ. ಹಬ್ಬದ ಬೆಳಗು. ಎಲ್ಲ ಬಾಗಿಲುಗಳಲ್ಲಿಯೂ ಹೊಸ ಕೆಂಪು. ಒಂದು ಬಾಗಿಲಿನಲ್ಲಿ ಮಾತ್ರ ಅದಿಲ್ಲ. ಬೀದಿಯಲ್ಲಿ ನಡೆಯುವವರಿಗೆ ಇನ್ನಾವ ವಿವರಣೆಯೂ ಬೇಡ. ಆ ಮನೆಯಲ್ಲಿ ಒಂದು ವರ್ಷದೊಳಗೆ ಸಾವು ಸಂಭವಿಸಿದೆ. ಕೆಲವು ಪ್ರಾಂತಗಳಲ್ಲಿ ಅಂಥ ಮನೆಯವರು ಪಟ್ಟಿಗಳನ್ನೇ ಅಂಟಿಸುವುದಿಲ್ಲ. ಬೇರೆ ಕೆಲವೆಡೆ ಬಿಳಿಯ ಕಾಗದವನ್ನೋ, ಹಳದಿಯನ್ನೋ, ಹಸುರನ್ನೋ, ನೀಲಿಯನ್ನೋ ಬಳಸುತ್ತಾರೆ. ಸೂತಕದ ವರ್ಷಗಳು ಕಳೆದಂತೆ ಒಂದು ಬಣ್ಣದಿಂದ ಮತ್ತೊಂದಕ್ಕೆ ಬಂದು, ಕಡೆಗೆ ಕೆಂಪಿಗೆ ಮರಳುತ್ತಾರೆ. ಈ ಬಣ್ಣಗಳ ಕ್ರಮವು ಊರಿಂದೂರಿಗೆ ಬೇರೆ. ಮರಳುವ ದಾರಿ ಮಾತ್ರ ಒಂದೇ.

ಈ ಪದ್ಧತಿಯಲ್ಲಿ ಎಷ್ಟು ಸೂಕ್ಷ್ಮವಾದ ದಾಕ್ಷಿಣ್ಯವಿದೆಯೆಂಬುದನ್ನು ಯೋಚಿಸಿರಿ. ತಂದೆಯನ್ನು ಕಳೆದುಕೊಂಡವನು ಹಬ್ಬದ ದಿನ ಬಾಗಿಲಿಗೆ ಬಂದವರಿಗೆಲ್ಲ ತನ್ನ ದುಃಖವನ್ನು ಮತ್ತೆ ಮತ್ತೆ ಹೇಳಿಕೊಳ್ಳಬೇಕಾಗಿಲ್ಲ. ಏನೂ ತಿಳಿಯದ ಪರಿಚಿತನು ನಗುತ್ತ ಬಂದು ಶುಭವನ್ನು ಕೋರಿ, ಆಮೇಲೆ ವಿಷಯ ತಿಳಿದು ತಲೆತಗ್ಗಿಸಬೇಕಾಗಿಲ್ಲ. ಸೂತಕದವರು ಆ ದಿನಗಳಲ್ಲಿ ತಾವಾಗಿ ಪರರ ಮನೆಗೆ ಭೇಟಿಗೆ ಹೋಗುವುದಿಲ್ಲ; ಆದುದರಿಂದ ಇತ್ತಲಿಂದ ಸಂತೋಷಕ್ಕೂ ಭಂಗವಿಲ್ಲ, ಅತ್ತಲಿಂದ ಶೋಕಕ್ಕೂ ಅಪಮಾನವಿಲ್ಲ. ಎರಡು ಮನೆಗಳ ನಡುವೆ ಆಗಬೇಕಾದ ಮಾತೆಲ್ಲವನ್ನೂ ಒಂದು ತುಂಡು ಕಾಗದದ ಬಣ್ಣವು ಆಡಿ ಮುಗಿಸುತ್ತದೆ. ಕೆಂಪು ಶುಭ, ಬಿಳುಪು ಅಶುಭ ಎಂಬ ಸೂತ್ರವು ಇದನ್ನು ಹೇಳಲಾರದು.

ಆ ಸೂತ್ರಕ್ಕೆ ವಿರುದ್ಧವಾದ ಒಂದು ನಿದರ್ಶನವೂ ಉಂಟು. ಫುಚಾ ದುನ್‌ಛೊಂಗ್ ಎಂಬ ಮಂಚು ವಂಶದ ಲೇಖಕನು 1900ರಲ್ಲಿ ಬೀಜಿಂಗಿನ ವರ್ಷಾವಧಿಯ ಆಚಾರಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟನು. ಅವನ ಪ್ರಕಾರ ಊರ ಜನರೆಲ್ಲ ಹೊಸವರ್ಷದ ದ್ವಿಪದಿಗಳಿಗೆ ಕೆಂಪು ಕಾಗದವನ್ನು ಬಳಸುತ್ತಿದ್ದರೆ, ಅರಮನೆಯಲ್ಲಿಯೂ ರಾಜಬಂಧುಗಳ ಮನೆಗಳಲ್ಲಿಯೂ ಬಿಳಿಯ ಕಾಗದವನ್ನೇ ಬಳಸುತ್ತಿದ್ದರು. ಅದಕ್ಕೆ ಕೆಂಪಿನ ಅಥವಾ ನೀಲಿಯ ಅಂಚು ಇರುತ್ತಿತ್ತು. ರಾಜವಂಶಕ್ಕೆ ಸೇರದವರು ಅದನ್ನು ಬಳಸಕೂಡದು. ಒಂದೇ ನಗರ, ಒಂದೇ ದಿನ, ಒಂದೇ ಬಿಳುಪು. ಒಂದು ಬಾಗಿಲಿನಲ್ಲಿ ಅದು ಶೋಕ, ಮತ್ತೊಂದು ಬಾಗಿಲಿನಲ್ಲಿ ಗೌರವ. ಅರ್ಥವನ್ನು ಬೇರ್ಪಡಿಸುತ್ತಿದ್ದುದು ಒಂದು ಬೆರಳಗಲದ ಅಂಚು, ಮತ್ತು ಆ ಬಾಗಿಲು ಯಾರದೆಂಬ ತಿಳಿವಳಿಕೆ.

ಮದುವೆಯ ಕೆಂಪಿನ ವಿಷಯವೂ ವಿಚಾರಾರ್ಹವಾಗಿದೆ. ಕೆಂಪು ಪಲ್ಲಕ್ಕಿ, ಮುಖವನ್ನು ಮುಚ್ಚುವ ಕೆಂಪು ಮುಸುಕು, ಕೆಂಪು ಮೇಣದ ಬತ್ತಿಗಳು, ಸಂತೋಷವೆಂಬ ಅಕ್ಷರವನ್ನು ಜೋಡಿಯಾಗಿ ಕತ್ತರಿಸಿದ ಕೆಂಪು ಕಾಗದ, ಇವಿಲ್ಲದೆ ಚೀನೀಯರ ಮದುವೆಯನ್ನು ನಾವು ಊಹಿಸಿಕೊಳ್ಳಲಾರೆವು. ಆದರೆ ಅವರ ಪ್ರಾಚೀನ ಆಚಾರಗ್ರಂಥವಾದ ಈಲೀಯಲ್ಲಿ ಹೇಳಿರುವ ಮದುವೆ ಹೀಗಿಲ್ಲ. ಅಲ್ಲಿ ವರನು ಕಪ್ಪು ಬಣ್ಣದ ರಥದಲ್ಲಿ ಮುಸ್ಸಂಜೆಯ ಹೊತ್ತು ವಧುವಿನ ಮನೆಗೆ ಹೋಗುತ್ತಾನೆ. ವಧುವಿನ ಉಡಿಗೆ ಕಪ್ಪು ಛಾಯೆಯದು. ಅದರ ಅಂಚಿಗೆ ಮಾತ್ರ ತೆಳುಗೆಂಪು. ಮದುವೆಗೆ ವಾದ್ಯಗಳು ಸಲ್ಲವೆಂದೂ, ಅದಕ್ಕಾಗಿ ಅಭಿನಂದಿಸುವುದು ಉಚಿತವಲ್ಲವೆಂದೂ ಲೀಜೀ ಎಂಬ ಮತ್ತೊಂದು ಗ್ರಂಥವು ವಿಧಿಸುತ್ತದೆ. ಮಗನು ಮನೆವಾರ್ತೆಯನ್ನು ವಹಿಸಿಕೊಳ್ಳುತ್ತಾನೆಂದರೆ ತಂದೆತಾಯಿಗಳು ಒಂದು ಮೆಟ್ಟಿಲು ಹಿಂದಕ್ಕೆ ಸರಿಯುತ್ತಾರೆಂದೇ ಅರ್ಥವಲ್ಲವೇ? ತಲೆಮಾರು ಬದಲಾಗುವ ಆ ಗಾಂಭೀರ್ಯಕ್ಕೆ ಕಪ್ಪು ಒಪ್ಪುವ ಬಣ್ಣವಾಗಿತ್ತು. ಟಾಂಗ್ ರಾಜವಂಶದ ಕಾಲಕ್ಕೆ ವಧುವಿನ ಉಡಿಗೆ ಹಸುರಾಯಿತು. ಅನಂತರದ ಶತಮಾನಗಳಲ್ಲಿ ಕೆಂಪು ಗೆದ್ದಿತು. ಹೀಗೆ ಅನಾದಿಯೆಂದು ನಾವು ಭಾವಿಸುವ ಕೆಂಪು ಮದುವೆಗೂ ಒಂದು ಆದಿಯಿದೆ.

ಇನ್ನೊಂದು ತಿರುವು 20ನೆಯ ಶತಮಾನದಲ್ಲಿ ಬಂದಿತು. 1927ರ ಡಿಸೆಂಬರಿನಲ್ಲಿ ಶಾಂಘಾಯಿಯಲ್ಲಿ ಚಿಯಾಂಗ್ ಕೈಷೇಕ್ ಅವರನ್ನು ವರಿಸಿದ ಸೂಂಗ್ ಮೈಲಿಂಗ್ ಅವರು ಪಾಶ್ಚಾತ್ಯ ಮಾದರಿಯ ಬಿಳಿಯ ಉಡುಪಿನಲ್ಲಿದ್ದರು. ಶೋಕದ ಬಣ್ಣವನ್ನು ವಧುವು ಉಡಬಹುದೇ ಎಂದು ಹಳಬರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಈಗಿನ ಮದುವೆಗಳಲ್ಲಿ ಒಂದೇ ದಿನ ವಧುವು ಬಿಳಿಯ ಉಡುಪನ್ನೂ ಕೆಂಪು ಉಡುಪನ್ನೂ ಒಂದಾದ ಮೇಲೊಂದರಂತೆ ಧರಿಸುವುದು ಸರ್ವಸಾಧಾರಣ. ಬಿಳುಪಿನ ಹಳೆಯ ಅರ್ಥವು ಇದರಿಂದ ಸತ್ತಿಲ್ಲ; ಅದೇ ಕುಟುಂಬದ ಉತ್ತರಕ್ರಿಯೆಯಲ್ಲಿ ಅದು ಹಾಗೆಯೇ ಉಳಿದಿದೆ. ಎರಡು ವಾಕ್ಯಗಳಲ್ಲಿ ಒಂದೇ ಶಬ್ದವು ಎರಡು ಅರ್ಥಗಳನ್ನು ಪಡೆದಿದೆ, ಅಷ್ಟೆ.

ಉತ್ತರಕ್ರಿಯೆಯ ಮಾತು ಬಂದಿತು. ಚೀನೀಯರ ಶೋಕವಸ್ತ್ರವು ಬಿಳುಪೆಂದು ಹೇಳುತ್ತೇವಾದರೂ, ನಿಜವಾಗಿ ಅದು ಬಣ್ಣ ಹಾಕದ ಒರಟು ಸೆಣಬುನಾರಿನ ಬಟ್ಟೆ. ಸತ್ತವನಿಗೆ ಹತ್ತಿರದ ಬಂಧುವಾದಷ್ಟೂ ಬಟ್ಟೆ ಒರಟಾಗುತ್ತ ಹೋಗಬೇಕೆಂದು ಹಳೆಯ ನಿಯಮ. ಅದರಲ್ಲಿ ಐದು ದರ್ಜೆಗಳಿದ್ದುವು. ಅಲಂಕಾರವನ್ನು ತೊರೆದ ಸ್ಥಿತಿಯೇ ಅಲ್ಲಿಯ ಬಿಳುಪು. ಹೀಗಿದ್ದರೂ ಆ ಭಾಷೆಯಲ್ಲಿ ಮದುವೆ ಮತ್ತು ಸಾವುಗಳನ್ನು ಕೂಡಿಸಿ ‘ಕೆಂಪು ಬಿಳುಪಿನ ಶುಭಕಾರ್ಯಗಳು’ ಎಂದು ಹೇಳುವ ರೂಢಿಯಿದೆ. ಸಾವು ಶುಭಕಾರ್ಯವಾಗುವುದು ಹೇಗೆ? ತುಂಬಿದ ಆಯುಸ್ಸನ್ನು ಕಂಡು, ಮಕ್ಕಳು ಮೊಮ್ಮಕ್ಕಳ ನಡುವೆ ಕಣ್ಣುಮುಚ್ಚಿದ ಮುದುಕರ ಸಾವನ್ನು ಅವರು ‘ಸಂತೋಷದ ಶೋಕ’ವೆನ್ನುತ್ತಾರೆ. ಅಂಥ ಕ್ರಿಯೆಯಲ್ಲಿ ಬಿಳುಪಿನ ನಡುವೆ ಕೆಂಪು ಕಾಣಿಸಿಕೊಳ್ಳುತ್ತದೆ. ಬಂದವರು ಆ ಮನೆಯ ಊಟದ ಬಟ್ಟಲನ್ನು, ದೀರ್ಘಾಯುಸ್ಸಿನ ಪಾಲೆಂದು ತಿಳಿದು, ತಮ್ಮ ಮನೆಗೆ ಕೊಂಡೊಯ್ಯುವ ಪದ್ಧತಿಯೂ ಹಲವೆಡೆ ಇದೆ.

ಕೆಂಪಿಗೂ ಮರಣಕ್ಕೂ ಇರುವ ಸಂಬಂಧವು ನಿಜವಾಗಿ ಬಹಳ ಹಳೆಯದು. ಬೀಜಿಂಗಿನ ಸಮೀಪದ ಝೌಕೌದಿಯನ್ ಎಂಬಲ್ಲಿ ಗುಡ್ಡದ ಮೇಲುಗವಿಯನ್ನು 1933 ಮತ್ತು 1934ರಲ್ಲಿ ಅಗೆದಾಗ, ಶಿಲಾಯುಗದ ಜನರು ತಮ್ಮ ಸತ್ತವರ ಸುತ್ತ ಕೆಮ್ಮಣ್ಣಿನ ಪುಡಿಯನ್ನು ಎರಚಿದ್ದುದು ಕಂಡುಬಂದಿತು. ಅವರ ಮನಸ್ಸಿನಲ್ಲಿ ಏನಿತ್ತೋ ಹೇಳುವವರಿಲ್ಲ. ರಕ್ತದ ಬಣ್ಣವೇ ಪ್ರಾಣದ ಬಣ್ಣವೆಂದು ಊಹಿಸುವುದು ಸಹಜ.

ಮಕ್ಕಳ ಮೇಲಣ ಕಾಳಜಿಯಲ್ಲಿ ಐದು ಬಣ್ಣಗಳೂ ಒಂದುಗೂಡುತ್ತವೆ. ಐದನೆಯ ತಿಂಗಳ ಐದನೆಯ ದಿನ ನದಿಗಳಲ್ಲಿ ನಾಗಮುಖದ ದೋಣಿಗಳ ಪಂದ್ಯ ನಡೆಯುವ ಹಬ್ಬ. ಸೆಕೆಯೂ ರೋಗರುಜಿನಗಳೂ ಹೆಚ್ಚುವ ಕಾಲವದು. ಆ ದಿನ ತಾಯಂದಿರು ಮಕ್ಕಳ ಮಣಿಕಟ್ಟಿಗೆ ಐದು ಬಣ್ಣದ ನೂಲುಗಳನ್ನು ಹೊಸೆದು ಕಟ್ಟುತ್ತಾರೆ. ಈ ಆಚಾರವನ್ನು ಕ್ರಿ. ಶ. 2ನೆಯ ಶತಮಾನದ ಯಿಂಗ್ ಷಾವ್ ಎಂಬ ಗ್ರಂಥಕರ್ತನು ಆಗಲೇ ಹೆಸರಿಸಿದ್ದಾನೆ. ಐದು ದಿಕ್ಕುಗಳ ಬಣ್ಣಗಳು ಕೂಡಿದರೆ ಯಾವ ದಿಕ್ಕಿನಿಂದಲೂ ಕೇಡು ಒಳಗೆ ಬರಲಾರದೆಂಬುದು ಭಾವ. ಚಕ್ರವರ್ತಿಯು ವೇದಿಕೆಯ ಮೇಲೆ ಹರಡಿದ ರಾಜ್ಯವನ್ನು ತಾಯಿಯು ಮಗುವಿನ ಕೈಯ ಸುತ್ತ ಒಂದು ಗಂಟಿನಲ್ಲಿ ಕಟ್ಟಿಬಿಡುತ್ತಾಳೆ.

ಆದರೆ ಬಣ್ಣದ ಮೇಲೆ ಆಜ್ಞೆಯೂ ನಡೆದುದುಂಟು. ಹಳದಿಯು ಚಕ್ರವರ್ತಿಯ ಸ್ವತ್ತಾಗಿ, ಸಾಮಾನ್ಯರಿಗೆ ನಿಷಿದ್ಧವಾಗಿ, ಶತಮಾನಗಳನ್ನು ಕಳೆಯಿತು. 1912ರ ಫೆಬ್ರವರಿ 12ರಂದು ಕೊನೆಯ ಚಕ್ರವರ್ತಿಯು ಸಿಂಹಾಸನವನ್ನು ತ್ಯಜಿಸಿದೊಡನೆ ಆ ನಿಷೇಧಕ್ಕೆ ಅರ್ಥವೇ ಉಳಿಯಲಿಲ್ಲ. ಕೆಂಪಿನ ಪಾಡು ಇದಕ್ಕಿಂತ ಚಿತ್ರವಾದುದು. 1949ರ ಅಕ್ಟೋಬರ್ 1ರಂದು ಕೆಂಪು ಬಟ್ಟೆಯ ಮೇಲೆ ಐದು ಹಳದಿ ನಕ್ಷತ್ರಗಳ ಧ್ವಜವು ಏರಿತು. ಕೆಂಪು ಕ್ರಾಂತಿಯ ಬಣ್ಣವಾಯಿತು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಆರಂಭವಾದಾಗ ಹಳೆಯ ಆಚಾರಗಳೆಲ್ಲ ತೊಲಗಬೇಕೆಂಬ ಕೂಗೆದ್ದಿತು. 1967ರಲ್ಲಿ ವಸಂತೋತ್ಸವದ ರಜೆಯನ್ನೇ ಸರ್ಕಾರವು ರದ್ದುಮಾಡಿತು. ಆ ವರ್ಷಗಳಲ್ಲಿ ಬಾಗಿಲಿನ ಪಟ್ಟಿಗಳ ಮೇಲೆ ಹಳೆಯ ಹಾರೈಕೆಗಳ ಬದಲು ರಾಜಕೀಯ ಘೋಷಣೆಗಳು ಬಂದುವು. ಮಾತು ಬದಲಾಯಿತು, ಕಾಗದ ಮಾತ್ರ ಕೆಂಪಾಗಿಯೇ ಉಳಿಯಿತು. ಮುಂದೆ ರಜೆ ಮರಳಿತು, ಹಾರೈಕೆಗಳೂ ಮರಳಿದುವು. 2014ರಲ್ಲಿ ದೂರವಾಣಿಯ ಪರದೆಯ ಮೂಲಕವೇ ಹಬ್ಬದ ಹಣವನ್ನು ಕಳುಹಿಸುವ ಏರ್ಪಾಡು ಬಂದಾಗ, ಕೈಗೆ ಸಿಕ್ಕದ ಆ ಲಕೋಟೆಗೂ ಕೆಂಪು ಬಣ್ಣವನ್ನೇ ಬಳಿದರು. 2024ರ ಡಿಸೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯು ವಸಂತೋತ್ಸವವನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅರಸನ ಆಜ್ಞೆಯಿಂದ ನಿಂತಿದ್ದ ಬಣ್ಣದ ಅಧಿಕಾರವು ಅರಸನೊಡನೆಯೇ ಹೋಯಿತು. ನೆರೆಹೊರೆಯ ಬಳಕೆಯಿಂದ ನಿಂತಿದ್ದುದು ಉಳಿಯಿತು.

ಇದಕ್ಕೆ ಒಂದು ಸಾಕ್ಷಿಯು ನಮ್ಮ ದೇಶದಲ್ಲಿಯೇ ಇದೆ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಟಾಂಗ್ ಅಚ್ಯೂ ಎಂಬ ಚೀನೀ ವರ್ತಕನು ವಂಗದೇಶಕ್ಕೆ ಬಂದು, ವಾರನ್ ಹೇಸ್ಟಿಂಗ್ಸನಿಂದ ಭೂಮಿಯನ್ನು ಪಡೆದು, ಹೂಗ್ಲಿ ನದಿಯ ದಡದಲ್ಲಿ ಸಕ್ಕರೆಯ ಕಾರ್ಖಾನೆಯನ್ನು ಹೂಡಿದನು. ಆ ಊರಿಗೆ ಅವನ ಹೆಸರಿನಿಂದಲೇ ಅಚಿಪುರವೆಂಬ ಹೆಸರು ಬಂದಿತು. ಅವನ ಸಮಾಧಿಯು ಅಲ್ಲಿ ನದಿಯ ಸಮೀಪದಲ್ಲಿದೆ. ಕುದುರೆಲಾಳದ ಆಕಾರದ್ದು, ಕೆಂಪು ಬಣ್ಣ ಬಳಿದುದು. ಕೋಲ್ಕತ್ತೆಯ ಚೀನೀಯರು ಹೊಸವರ್ಷದ ದಿನಗಳಲ್ಲಿ ಅಲ್ಲಿಗೆ ಹೋಗಿ ಊದುಬತ್ತಿಗಳನ್ನು ಹಚ್ಚಿ ಬರುತ್ತಾರೆ. ಸಮಾಧಿ, ಆದರೆ ಕೆಂಪು. ಮೂರು ಶಬ್ದಗಳ ಕೋಶವನ್ನು ಹಿಡಿದು ಹೋದವನು ಇಲ್ಲಿ ದಾರಿ ತಪ್ಪುತ್ತಾನೆ. ತಮ್ಮವರಲ್ಲಿ ಮೊದಲಿಗನಾಗಿ ಇಲ್ಲಿ ನೆಲೆಯೂರಿದ ಹಿರಿಯನನ್ನು ಕಾಣುವುದಕ್ಕೆ ಹಬ್ಬದ ದಿನ ಬಂದವರೆಂದು ಅರಿತವನಿಗೆ ಆ ಕೆಂಪು ಸಹಜವಾಗಿಯೇ ತೋರುತ್ತದೆ.

ಪರದೇಶದವರ ಆಚಾರವನ್ನು ಪಟ್ಟಿಮಾಡಿ ಕಂಠಪಾಠ ಮಾಡುವುದು ಸುಲಭ. ಅದನ್ನು ಮಾತೆಂದು ತಿಳಿದು ಕಿವಿಗೊಡುವುದು ಕಷ್ಟ. ಚೀನೀ ಮಿತ್ರರ ಮನೆಗೆ ಉಡುಗೊರೆಯನ್ನು ಕೊಂಡೊಯ್ಯುವಾಗ ಯಾವ ಬಣ್ಣವು ಶುಭವೆಂದು ಕೇಳುವುದರ ಜೊತೆಗೆ, ಆ ಮನೆಯಲ್ಲಿ ಈ ವರ್ಷ ಏನಾಗಿದೆಯೆಂದೂ ಕೇಳಿಕೊಳ್ಳುವುದು ಲೇಸು. ಹಬ್ಬದ ಬೀದಿಯಲ್ಲಿ ನೂರು ಕೆಂಪು ಬಾಗಿಲುಗಳು ನಮ್ಮನ್ನು ಕರೆಯುತ್ತವೆ. ಕೆಂಪಿಲ್ಲದ ಒಂದು ಬಾಗಿಲಿನ ಮುಂದೆ ದನಿಯನ್ನು ತಗ್ಗಿಸಿ ಮುಂದೆ ಸಾಗುವವನೇ ಆ ಬೀದಿಯ ಭಾಷೆಯನ್ನು ಬಲ್ಲವನು.